ಗುಳೆಯ ಗುಡಿಸಲಿಗೆ ಆಕಾಶದ ದೂರದರ್ಶನ

ಮನೆಯೊಂದು ನೆಲದ ಮೇಲೆ ಸ್ಥಿರವಾಗಿ ನಿಂತಿದ್ದರೆ ಅದಕ್ಕೆ ದೂರದರ್ಶನದ ಡಿಷ್ ಕೂಡಿಸುವುದು ಒಂದು ಗಂಟೆಯ ಕೆಲಸ. ಅಂಗಡಿಯ ಹುಡುಗ ಮಾಳಿಗೆ ಹತ್ತುತ್ತಾನೆ, ತಿರುಗಿಸುತ್ತಾನೆ, ಬಿಗಿಯುತ್ತಾನೆ, ಹಣ ಪಡೆದು ಹೋಗುತ್ತಾನೆ. ಆದರೆ ಮನೆಯೇ ಊರಿಂದೂರಿಗೆ ಹೊರಟರೆ ಏನು ಮಾಡಬೇಕು? ಶ್ರೀಮಂತ ದೇಶಗಳಲ್ಲಿ ಮೋಟಾರು ಬಂಡಿಯನ್ನೇ ಮನೆಯಾಗಿ ಮಾಡಿಕೊಂಡು ವಿಹಾರಕ್ಕೆ ಹೋಗುವವರಿದ್ದಾರೆ. ಅವರ ಬಂಡಿಯ ನೆತ್ತಿಯ ಮೇಲೆ ಗುಂಡಿ ಒತ್ತಿದರೆ ತಾನೇ ತಿರುಗಿ ಉಪಗ್ರಹವನ್ನು ಹುಡುಕಿಕೊಳ್ಳುವ ಡಿಷ್‌ಗಳೂ ಇರುತ್ತವೆ. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿಯೂ ಮನೆಯನ್ನು ಬಂಡಿಗೇರಿಸಿಕೊಂಡು ಹೋಗುವವರುಂಟು. ಆದರೆ ಅವರು ಹೋಗುವುದು ವಿಹಾರಕ್ಕಲ್ಲ, ಗುಳೆಗೆ.

ಹಡಗಲಿಯ ಅಂಚಿನಲ್ಲಿ ತುಂಗಭದ್ರೆ ಹರಿದರೂ ಈ ಐದು ತಾಲ್ಲೂಕುಗಳ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿವೆ. ಮೆಕ್ಕೆಜೋಳ, ಶೇಂಗಾ ಮನೆಗೆ ಬಂದ ಮೇಲೆ ಕೂಲಿಯವನಿಗೆ ಊರಲ್ಲಿ ಕೆಲಸವಿಲ್ಲ. ಆಗ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಸಂಸಾರಗಳು ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಹೊರಡುತ್ತವೆ. ನಮ್ಮದೂ ಅಂಥ ಒಂದು ಸಂಸಾರ. ಆ ಗುಡಿಸಲಿನಲ್ಲಿ ಡಿಷ್ ಕೂಡಿಸಲು ನಾವು ಪಟ್ಟ ಪಾಡನ್ನೂ ಅದರಿಂದ ಕಲಿತ ವಿಷಯವನ್ನೂ ವಾಚಕರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶ.

೨೦೨೦ನೆಯ ವರ್ಷ ನಾನು ಹತ್ತನೆಯ ತರಗತಿಯಲ್ಲಿದ್ದೆ, ನನ್ನ ತಂಗಿ ಎಂಟರಲ್ಲಿದ್ದಳು. ಕೊರೋನಾ ರೋಗದ ಕಾರಣ ಶಾಲೆಗಳು ಮುಚ್ಚಿದ್ದವು. ಸರ್ಕಾರವು ಆ ವರ್ಷದ ಜುಲೈ ತಿಂಗಳಿನಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಹೆಸರಿನಿಂದ ಪಾಠಗಳನ್ನು ಬಿತ್ತರಿಸತೊಡಗಿತು. ಊರಲ್ಲಿರುವಷ್ಟು ದಿನ ನೆರೆಮನೆಯಲ್ಲಿ ಕುಳಿತು ನೋಡಿದೆವು. ದೀಪಾವಳಿ ಕಳೆದೊಡನೆ ಅಪ್ಪ ಮೇಸ್ತ್ರಿಯಿಂದ ಮುಂಗಡ ಪಡೆದಿದ್ದರಿಂದ ಮಂಡ್ಯದ ಕಡೆಗೆ ಹೊರಡಲೇಬೇಕಾಯಿತು. ಮನೆಯಲ್ಲಿದ್ದುದು ಒಂದೇ ಮೊಬೈಲು. ಅದು ಬೆಳಗಾದರೆ ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗುತ್ತಿತ್ತು. ಪರೀಕ್ಷೆಯ ವರ್ಷ ಹಾಳಾಗಬಾರದೆಂದು ಅವ್ವ ಕೂಡಿಟ್ಟ ಹಣದಲ್ಲಿ ಹಳೆಯದೊಂದು ಸಣ್ಣ ಟಿ.ವಿ., ಒಂದು ಡಿಷ್, ಒಂದು ಸೆಟ್ ಟಾಪ್ ಬಾಕ್ಸ್ ಕೊಂಡೆವು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಪಾತ್ರೆ, ಹಾಸಿಗೆ, ಕೋಳಿಗಳ ಜೊತೆಗೆ ಅವೂ ಮಂಡ್ಯಕ್ಕೆ ಬಂದವು.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಉಪಗ್ರಹದಿಂದ ಹಳ್ಳಿಗೆ ಪಾಠ ಬರುವುದು ಕನ್ನಡನಾಡಿಗೆ ಹೊಸತಲ್ಲ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಅಮೆರಿಕದ ಎ.ಟಿ.ಎಸ್.-೬ ಎಂಬ ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ನಮ್ಮ ನೆರೆಯ ರಾಯಚೂರು, ಬಿಜಾಪುರ, ಗುಲಬರ್ಗಾ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಅಂದು ಹಳ್ಳಿಗೊಂದು ಟಿ.ವಿ.; ಅದಕ್ಕೆ ತಂತಿಬಲೆಯ, ಸುಮಾರು ಹತ್ತು ಅಡಿ ಅಗಲದ ಆಂಟೆನಾ. ಇಂದು ಎರಡಡಿಯ ತಟ್ಟೆ ಸಾಕು. ೨೦೦೪ರ ಡಿಸೆಂಬರಿನಲ್ಲಿ ದೂರದರ್ಶನವು ಆರಂಭಿಸಿದ, ಈಗ 'ಡಿಡಿ ಫ್ರೀ ಡಿಷ್' ಎನಿಸಿಕೊಂಡಿರುವ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ದುಡಿದ ದಿನ ಕೂಲಿ, ದುಡಿಯದ ದಿನ ಇಲ್ಲ ಎಂಬ ಮನೆಗೆ ಇದು ದೊಡ್ಡ ಅನುಕೂಲ.

ಈ ಸೇವೆ ಬರುವುದು ೨೦೧೫ರಲ್ಲಿ ಹಾರಿಸಲಾದ ಜಿಸ್ಯಾಟ್-೧೫ ಎಂಬ ಉಪಗ್ರಹದಿಂದ. ಅದು ಭೂಮಧ್ಯರೇಖೆಯ ನೆತ್ತಿಯಲ್ಲಿ, ಪೂರ್ವ ರೇಖಾಂಶ ೯೩.೫ ಡಿಗ್ರಿಯಲ್ಲಿ, ಅಂದರೆ ಸುಮಾತ್ರಾ ದ್ವೀಪದ ಪಶ್ಚಿಮದ ಸಮುದ್ರದ ಮೇಲೆ, ಸುಮಾರು ೩೫,೭೮೬ ಕಿಲೋಮೀಟರು ಎತ್ತರದಲ್ಲಿದೆ. ಭೂಮಿ ತಿರುಗುವಷ್ಟೇ ವೇಗದಲ್ಲಿ ಅದೂ ಸುತ್ತುವುದರಿಂದ ನಮ್ಮ ಕಣ್ಣಿಗೆ ಅದು ನಿಂತಲ್ಲೇ ನಿಂತಂತೆ. ಅದು ಕದಲುವುದಿಲ್ಲ, ಕದಲುವವರು ನಾವು. ಆದುದರಿಂದ ಹೊಸ ಜಾಗಕ್ಕೆ ಹೋದಾಗಲೆಲ್ಲ ಅದನ್ನು ಹೊಸದಾಗಿ ಹುಡುಕಬೇಕು.

ಈ ಮಾತು ಅಂದು ನಮಗೆ ತಿಳಿದಿರಲಿಲ್ಲ. ಊರಿನಲ್ಲಿ ಅಂಗಡಿಯವನು ಹೊಂದಿಸಿ ಕೊಟ್ಟಿದ್ದ ಓರೆಯನ್ನು ಹಾಗೆಯೇ ಬಿಗಿದುಕೊಂಡು ಬಂದೆವು. ಗಟ್ಟಿಯಾದ ವಸ್ತು ಬೇರೆ ಇಲ್ಲವೆಂದು ಟ್ರೇಲರಿನ ಹಲಗೆಗೇ ಡಿಷ್ ಕಟ್ಟಿದೆವು. ಎರಡು ದಿನ ತಿರುಗಿಸಿದರೂ ಪರದೆಯ ಮೇಲೆ ಏನೂ ಮೂಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾವೇಳುವುದರೊಳಗೆ ಟ್ರೇಲರ್ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗಿತ್ತು. ಡಿಷ್ ಕೂಡ ಅದರೊಡನೆ ಹೋಗಿತ್ತು! ಸಂಜೆ ಅದು ಒಂದು ಕಡೆ ಸೊಟ್ಟಗಾಗಿ ತಿರುಗಿ ಬಂತು. ಅವ್ವ ನಕ್ಕಳು, ನಾನು ಅತ್ತೆ. ತಂಗಿ ಮಾತ್ರ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನಿಂದ ಮೆಲ್ಲಗೆ ತಟ್ಟಿ ನೇರ ಮಾಡಿದಳು.

ಕಷ್ಟಪಟ್ಟು ಕಲಿತದ್ದನ್ನು ಈಗ ಕ್ರಮವಾಗಿ ಹೇಳುತ್ತೇನೆ. ಕಲಾ ವಿಭಾಗದ ವಿದ್ಯಾರ್ಥಿಯಾದರೂ ನನಗೆ ಹತ್ತನೆಯ ತರಗತಿಯ ತ್ರಿಕೋನಮಿತಿ ಇದಕ್ಕೆ ಸಾಕಾಯಿತು.

ಒಂದನೆಯದು, ಕಂಬ. ಡಿಷ್ ನಿಲ್ಲುವ ಕೊಳವೆ ಲಂಬವಾಗಿರಬೇಕು. ಅದು ಓರೆಯಾದರೆ ಮುಂದಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಆದುದರಿಂದ ವಾಹನಕ್ಕೆ ಕಟ್ಟಬಾರದು. ಅದು ಹತ್ತಿ ಇಳಿದರೂ ಅಲುಗುತ್ತದೆ. ಹಳೆಯ ತಗಡಿನ ಡಬ್ಬಿಯಲ್ಲಿ ಕೊಳವೆ ನಿಲ್ಲಿಸಿ ಕಲ್ಲುಮಣ್ಣು ತುಂಬಿದರೆ ಗಟ್ಟಿ ಬುಡವಾಗುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೊಳವೆ ದಾರಕ್ಕೆ ಸಮನಾಗಿದೆಯೇ ಎಂದು ಎರಡು ಕಡೆಯಿಂದ ನೋಡಬೇಕು.

ಎರಡನೆಯದು, ಎತ್ತರದ ಕೋನ. ನಮ್ಮ ಐದು ತಾಲ್ಲೂಕುಗಳಲ್ಲಿ ಉಪಗ್ರಹವು ದಿಗಂತದಿಂದ ಸುಮಾರು ೬೩ ಡಿಗ್ರಿ ಮೇಲಿರುತ್ತದೆ. ಚಿಕ್ಕಮಗಳೂರಿನಲ್ಲಿ ೬೪, ಮಂಡ್ಯದಲ್ಲಿ ಸುಮಾರು ೬೬. ದಕ್ಷಿಣಕ್ಕೆ ಹೋದಂತೆ ಭೂಮಧ್ಯರೇಖೆ ಸಮೀಪಿಸುವುದರಿಂದ ಅದು ಮೇಲೇರುತ್ತದೆ. ಎರಡು ಮೂರು ಡಿಗ್ರಿ ಏನು ಮಹಾ ಎನ್ನಬಹುದು. ಆದರೆ ಎರಡಡಿಯ ತಟ್ಟೆಗೆ ಆಕಾಶದಲ್ಲಿ ಕಾಣುವ ಕಿಂಡಿಯ ಅಗಲವೇ ಸುಮಾರು ಮೂರು ಡಿಗ್ರಿ, ಅಂದರೆ ಗುರಿಯಿಂದ ಆಚೆಗೆ ಒಂದೂವರೆ, ಈಚೆಗೆ ಒಂದೂವರೆ. ಊರಿನ ಓರೆ ಮಂಡ್ಯದಲ್ಲಿ ಏಕೆ ನಡೆಯಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಇನ್ನೊಂದು ಮೋಸವೂ ಇದೆ. ಈ ತಟ್ಟೆಗಳಲ್ಲಿ ಅಲೆಗಳನ್ನು ಹಿಡಿಯುವ ಎಲ್‌ಎನ್‌ಬಿ ನಟ್ಟನಡುವೆ ಇರದೆ ಕೆಳಗಿನ ತೋಳಿನ ತುದಿಯಲ್ಲಿರುತ್ತದೆ. ಆದುದರಿಂದ ತಟ್ಟೆ ತಾನು ಮುಖ ಮಾಡಿದ್ದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಿನ ಆಕಾಶವನ್ನು ನೋಡುತ್ತದೆ. ಕಣ್ಣಂದಾಜನ್ನು ನಂಬದೆ ಹಿಂಬದಿಯ ಅಳತೆಪಟ್ಟಿಯನ್ನು ನಂಬಬೇಕು. ಪಟ್ಟಿ ಅಳಿಸಿಹೋಗಿದ್ದರೆ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ, ತಟ್ಟೆಯು ಲಂಬದಿಂದ ೪೦–೪೫ ಡಿಗ್ರಿ ಹಿಂದಕ್ಕೆ ವಾಲುವಂತೆ ಮಾಡಿ ಹುಡುಕಾಟ ತೊಡಗಬಹುದು.

ಮೂರನೆಯದು, ದಿಕ್ಕು. ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದರೆ ನಮ್ಮಲ್ಲಿ ಸುಮಾರು ೧೩೦ ಡಿಗ್ರಿ, ಮಂಡ್ಯದಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಸುಮಾರು ೧೨೬. ಹೆಚ್ಚುಕಡಿಮೆ ಆಗ್ನೇಯ. ದಿಕ್ಸೂಚಿ ಇಲ್ಲದವನಿಗೆ ಸೂರ್ಯನೇ ಗತಿ. ಡಿಸೆಂಬರ್ ತಿಂಗಳಲ್ಲಿ ಮಂಡ್ಯದ ಕಡೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ನಮ್ಮ ಕಡೆ ಒಂಬತ್ತೂವರೆಯ ಸುಮಾರಿಗೆ, ಸೂರ್ಯ ಸರಿಯಾಗಿ ಆ ದಿಕ್ಕಿನಲ್ಲಿ, ಉಪಗ್ರಹಕ್ಕಿಂತ ಬಹಳ ಕೆಳಗೆ ಇರುತ್ತಾನೆ. ಆ ಹೊತ್ತಿನಲ್ಲಿ ಕೊಳವೆಯ ನೆರಳು ಬಿದ್ದ ಗೆರೆಯನ್ನು ನೆಲದ ಮೇಲೆ ಗುರುತು ಮಾಡಿ, ಡಿಷ್‌ನ ಬೆನ್ನು ನೆರಳಿನ ಕಡೆಗೂ ಮುಖ ಸೂರ್ಯನ ಕಡೆಗೂ ಇರುವಂತೆ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಬೇಸಿಗೆಯಲ್ಲಿ ಸೂರ್ಯ ಉತ್ತರಕ್ಕೆ ಸರಿಯುವುದರಿಂದ ಈ ಲೆಕ್ಕ ನಡೆಯದು.

ನಾಲ್ಕನೆಯದು, ಅಡ್ಡಿ. ಉಪಗ್ರಹ ಅಷ್ಟು ಮೇಲಿರುವುದು ನಮ್ಮ ಪುಣ್ಯ. ಮಂಡ್ಯದಲ್ಲಿ ಡಿಷ್‌ಗಿಂತ ಎಷ್ಟು ಅಡಿ ಎತ್ತರದ ಅಡ್ಡಿಯಿದೆಯೋ ಅದನ್ನು ಎರಡರಿಂದ ಭಾಗಿಸಿದರೆ ಬರುವಷ್ಟು ಅಡಿ ದೂರವಿದ್ದರೆ ಸಾಕು. ಹತ್ತಡಿ ಕಬ್ಬಿಗೆ ಐದಡಿ, ಐವತ್ತಡಿ ತೆಂಗಿನ ಮರಕ್ಕೆ ಇಪ್ಪತ್ತೈದಡಿ.

ಐದನೆಯದು, ಹುಡುಕಾಟ. ಬಾಕ್ಸಿನ ಸಿಗ್ನಲ್ ಪುಟದಲ್ಲಿ ಎರಡು ಪಟ್ಟಿಗಳಿರುತ್ತವೆ. 'ಸ್ಟ್ರೆಂತ್' ಎಂಬುದು ತಂತಿ ಸೇರಿಸಿದರೆ ಸಾಕು, ಏರಿಬಿಡುತ್ತದೆ; ಅದನ್ನು ನೋಡಿ ಹಿಗ್ಗಬಾರದು. ನೋಡಬೇಕಾದ್ದು 'ಕ್ವಾಲಿಟಿ'. ತಟ್ಟೆಯನ್ನು ಅರ್ಧ ಬೆರಳಿನಷ್ಟು ಸರಿಸಿ, ಎರಡು ಮೂರು ಸೆಕೆಂಡು ಕಾದು, ಮತ್ತೆ ಸರಿಸಬೇಕು. ಬಾಕ್ಸಿಗೆ ಅಲೆಯನ್ನು ಗುರುತಿಸಲು ಅಷ್ಟು ಹೊತ್ತು ಬೇಕು. ಬೇಗಬೇಗ ತಿರುಗಿಸುವವನು ಉಪಗ್ರಹವನ್ನು ದಾಟಿಕೊಂಡೇ ಹೋಗುತ್ತಾನೆ. ನಾನು ದಾಟಿಕೊಂಡು ಹೋಗುತ್ತಿದ್ದೆ. ಒಳಗೆ ಪರದೆಯ ಮುಂದೆ ಕುಳಿತ ತಂಗಿ, "ಅಣ್ಣಾ, ಬಂದಿತ್ತು, ಹೋತು, ಹಿಂದಕ್ಕ ತಿರುವು" ಎಂದು ಕೂಗುತ್ತಿದ್ದಳು. ಕೊನೆಗೆ ಬೇಸತ್ತು, "ನೀ ಒಳಗ ಕೂಡು, ನಾ ತಿರುವ್ತೀನಿ" ಎಂದು ತಾನೇ ಹೊರಗೆ ಬಂದಳು. ಹತ್ತು ನಿಮಿಷದಲ್ಲಿ ಚಿತ್ರ ಮೂಡಿತು. ಚಿತ್ರ ಬಂದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿಯೇ ಸ್ವಲ್ಪ ಹೊರಳಿಸಿ, ಕ್ವಾಲಿಟಿ ಅತಿ ಹೆಚ್ಚು ಬರುವಲ್ಲಿ ಬಿಗಿಯಬೇಕೆಂಬುದನ್ನೂ ಅವಳೇ ಕಂಡುಕೊಂಡಳು.

ಆರನೆಯದು, ವಿದ್ಯುತ್ತು. ನಮ್ಮ ಬಾಕ್ಸೂ ಸಣ್ಣ ಟಿ.ವಿ.ಯೂ ಹನ್ನೆರಡು ವೋಲ್ಟಿನವು. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದಿರುವುದನ್ನು ತಪ್ಪದೆ ಓದಬೇಕು. ಎರಡೂ ಸೇರಿ ಮೂವತ್ತು ವ್ಯಾಟ್ ಎಂದಿಟ್ಟುಕೊಂಡರೆ, ಹನ್ನೆರಡು ವೋಲ್ಟಿನಲ್ಲಿ ಎರಡೂವರೆ ಆಂಪಿಯರ್. ಮೂರು ಗಂಟೆ ಪಾಠಕ್ಕೆ ಬ್ಯಾಟರಿಯಿಂದ ಖರ್ಚಾಗುವುದು ಏಳೂವರೆ ಆಂಪಿಯರ್-ಗಂಟೆ. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯೂ ಇಷ್ಟನ್ನು ಕೊಡುತ್ತದೆ. ಧನ, ಋಣ ತಂತಿಗಳನ್ನು ಅದಲುಬದಲು ಮಾಡಬಾರದು, ನಡುವೆ ಫ್ಯೂಸ್ ಇರಬೇಕು. ಬ್ಯಾಟರಿ ಚಾರ್ಜ್ ಆಗುವಾಗ ವೋಲ್ಟೇಜು ಹದಿನಾಲ್ಕು ದಾಟುವುದರಿಂದ ಆಗ ಟಿ.ವಿ. ನೋಡಬಾರದು. ಡಿಷ್‌ನ ತಂತಿಯಲ್ಲಿ ಬಾಕ್ಸಿನಿಂದ ಎಲ್‌ಎನ್‌ಬಿಗೆ ವಿದ್ಯುತ್ತು ಹೋಗುತ್ತಿರುತ್ತದೆ. ಬಾಕ್ಸನ್ನು ಆರಿಸಿಯೇ ತಂತಿ ಸೇರಿಸಬೇಕು. ಹೊರಜಾಲರಿಯ ಒಂದು ಎಳೆಯೂ ನಡುತಂತಿಗೆ ತಾಗಬಾರದು.

ಹೀಗೆ ಸುಮಾರು ಒಂದು ತಿಂಗಳು ಸೋಗೆಯ ಗುಡಿಸಲಿನಲ್ಲಿ ನಮ್ಮ ಶಾಲೆ ನಡೆಯಿತು. ಅಕ್ಕಪಕ್ಕದ ಗುಡಿಸಲುಗಳ ಮಕ್ಕಳೂ ಬಂದು ಕೂಡುತ್ತಿದ್ದರು. ೨೦೨೧ರ ಜನವರಿ ೧ರಂದು ಹತ್ತನೆಯ ತರಗತಿಗೆ ಶಾಲೆ ತೆರೆಯುತ್ತದೆಂದು ತಿಳಿದಾಗ ನನ್ನನ್ನು ಊರಿನಲ್ಲಿದ್ದ ಅಜ್ಜಿಯ ಬಳಿಗೆ ಕಳುಹಿಸಿದರು. ಎಂಟನೆಯ ತರಗತಿ ಇನ್ನೂ ತೆರೆದಿರಲಿಲ್ಲ. ತಂಗಿ ಅಲ್ಲಿಯೇ ಉಳಿದಳು. ಜುಲೈ ೧೯ ಮತ್ತು ೨೨ರಂದು ನಡೆದ ಪರೀಕ್ಷೆಗೆ ಕುಳಿತು ನಾನು ತೇರ್ಗಡೆಯಾದೆ. ಅಷ್ಟರಲ್ಲಿ ತಂಗಿ ಅವ್ವನ ಜೊತೆ ಕಬ್ಬಿನ ಹೊರೆ ಕಟ್ಟುತ್ತಿದ್ದಳು. ಮತ್ತೆ ಅವಳು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ನಿರ್ಧರಿಸಲಿಲ್ಲ. 'ಬರುವ ತಿಂಗಳು' ಎಂದು ಮುಂದೆ ಹಾಕುತ್ತ ಹಾಕುತ್ತ ಹಾಗಾಯಿತು. ಆಗ ನಾನೂ ಕೇಳಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆಕಾಶದ ಶಾಲೆಯ ಗುಣವನ್ನೂ ಮಿತಿಯನ್ನೂ ನಾನು ಅರಿತದ್ದು ಆಗಲೇ. ಅದು ನಮ್ಮನ್ನು ವರ್ಗಾವಣೆ ಪತ್ರ ಕೇಳಲಿಲ್ಲ. ನಾವು ಹೋದ ಕಡೆಯೆಲ್ಲ ನಮ್ಮ ತಲೆಯ ಮೇಲೆಯೇ ಇತ್ತು. ಆದರೆ ಅದು ಹಾಜರಿ ಕರೆಯಲಿಲ್ಲ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಏಕೆ ಬರಲಿಲ್ಲವೆಂದು ವಿಚಾರಿಸಲಿಲ್ಲ. ಆ ಕೆಲಸ ಮನುಷ್ಯರದು. ಗುಳೆ ಹೋಗುವವರ ಮಕ್ಕಳಿಗಾಗಿ ಟೆಂಟ್ ಶಾಲೆ, ಋತುಮಾನ ವಸತಿಶಾಲೆ ಎಂಬ ಏರ್ಪಾಡುಗಳುಂಟು. ಅವು ಇವೆಯೆಂದು ಮೇಸ್ತ್ರಿಯ ಮುಂಗಡ ಪಡೆಯುವ ಮೊದಲೇ ತಂದೆತಾಯಿಗಳಿಗೆ ತಿಳಿಸುವವರು ಬೇಕು. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲ ಪದವೀಧರರಾಗುವವರು ಅನೇಕರಿದ್ದೇವೆ. ನಾಳೆ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗುತ್ತೇವೆ. ದೀಪಾವಳಿಯ ಮರುವಾರ ಹಾಜರಿ ಪುಸ್ತಕದಲ್ಲಿ ಖಾಲಿಯಾಗುವ ಹೆಸರುಗಳನ್ನು ಒಮ್ಮೆ ಎಣಿಸಿ ನೋಡೋಣ.

ನನ್ನ ತಂಗಿ ಈಗಲೂ ಗುಳೆ ಹೋಗುತ್ತಾಳೆ. ಗದ್ದೆಯಿಂದ ಗದ್ದೆಗೆ ಬಿಡಾರ ಬದಲಾದಾಗಲೆಲ್ಲ ಹತ್ತಾರು ಗುಡಿಸಲಿನವರು ಡಿಷ್ ಕೂಡಿಸಲು ಅವಳನ್ನೇ ಕರೆಯುತ್ತಾರೆ. ಮೇಲೆ ಬರೆದ ಡಿಗ್ರಿಗಳ ಲೆಕ್ಕ ನನ್ನದು, ಕೈ ಅವಳದು. ಖಾಸಗಿ ಅಭ್ಯರ್ಥಿಯಾಗಿ ಹತ್ತನೆಯ ತರಗತಿಗೆ ಕಟ್ಟು, ಪುಸ್ತಕ ನಾನು ತರುತ್ತೇನೆ ಎಂದು ಕಳೆದ ತಿಂಗಳು ಫೋನಿನಲ್ಲಿ ಹೇಳಿದೆ. "ನೋಡಾಣ ತಗ ಅಣ್ಣ" ಎಂದಿದ್ದಾಳೆ. ಪುಸ್ತಕಗಳನ್ನು ಮಾತ್ರ ನಾನು ತಂದಿಟ್ಟಿದ್ದೇನೆ.