ಮುಖವು ನುಡಿಯದಿದ್ದಾಗ

ಮನೆಗೆ ಬಂದವರನ್ನು ಬಾಯಿ ‘ಬನ್ನಿ’ ಎನ್ನುವಷ್ಟರಲ್ಲಿಯೇ ನಮ್ಮ ಕಣ್ಣು, ಹುಬ್ಬು, ಕೈಗಳು ಆ ಸ್ವಾಗತವು ಮನಃಪೂರ್ವಕವಾದುದೋ ಅಲ್ಲವೋ ಎಂಬುದನ್ನು ತಿಳಿಸಿಬಿಟ್ಟಿರುತ್ತವೆ. ಈ ದೇಹಭಾಷೆಯನ್ನು ನಾವು ಪಾಠ ಹೇಳಿಸಿಕೊಂಡು ಕಲಿತವರಲ್ಲ. ಆದುದರಿಂದಲೇ ಅದನ್ನು ಪ್ರಶ್ನಿಸದೆ ನಂಬುತ್ತೇವೆ. ಆ ನಂಬಿಕೆಯು ದಾರಿ ತಪ್ಪಿಸುವ ಒಂದು ಸಂದರ್ಭವನ್ನು ಇಲ್ಲಿ ವಿಚಾರಿಸೋಣ.

ನಾವು ಬಲ್ಲ ಮನೆಯೊಂದರಲ್ಲಿ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಸುದ್ದಿ ತಿಳಿಸಿದಾಗ ಎಪ್ಪತ್ತು ದಾಟಿದ ಅಜ್ಜನವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರಿಗೆ ಸಂಬಂಧ ಒಪ್ಪಿಗೆಯಿಲ್ಲವೆಂದು ಮನೆಯವರು ತಿಳಿದರು. ಅವರೊಡನೆ ಮಾತೂ ಕಡಿಮೆಯಾಯಿತು. ಕೆಲವು ತಿಂಗಳ ನಂತರ ಕೈನಡುಕ ಕಾಣಿಸಿಕೊಂಡು ನರರೋಗ ತಜ್ಞರಲ್ಲಿಗೆ ಕರೆದೊಯ್ದಾಗ ಅದು ಪಾರ್ಕಿನ್ಸನ್ ಕಾಯಿಲೆಯೆಂದು ತಿಳಿಯಿತು. ಅಜ್ಜನವರು ಅಂದು ಸಂತೋಷವನ್ನೇ ಪಟ್ಟಿದ್ದರು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ವ್ಯಾಧಿಯನ್ನು ಜನರು ಕೈನಡುಕದಿಂದಲೇ ಗುರುತಿಸುತ್ತಾರೆ. ಆದರೆ ನಡುಕವೇ ಇಲ್ಲದ ರೋಗಿಗಳೂ ಉಂಟು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವು ಕಡಿಮೆಯಾದಂತೆ ಚಲನೆಗಳೆಲ್ಲ ನಿಧಾನವಾಗುತ್ತವೆ. ನಡೆಯುವಾಗ ಕೈ ಬೀಸುವುದಿಲ್ಲ, ಅಕ್ಷರ ಸಣ್ಣದಾಗುತ್ತದೆ, ದನಿ ತಗ್ಗುತ್ತದೆ, ರೆಪ್ಪೆ ಬಡಿಯುವುದು ಅಪರೂಪವಾಗುತ್ತದೆ. ಮುಖದ ಸ್ನಾಯುಗಳೂ ಹೀಗೆಯೇ ಬಿಗಿದು, ವೈದ್ಯರು ‘ಮುಖವಾಡದಂತಹ ಮುಖ’ ಎನ್ನುವ ಸ್ಥಿತಿ ಉಂಟಾಗುತ್ತದೆ. ಒಳಗಿನ ಭಾವವು ಬತ್ತಿರುವುದಿಲ್ಲ, ಅದು ಹೊರಬರುವ ದಾರಿ ಮಾತ್ರ ಕಟ್ಟಿರುತ್ತದೆ. ಇದನ್ನರಿಯದ ನಾವು ಹಿರಿಯರಿಗೆ ಬಿಗುಮಾನ, ಜಿಗುಪ್ಸೆ, ಅರಳುಮರಳು ಎಂಬ ಹೆಸರುಗಳನ್ನು ಕೊಟ್ಟುಬಿಡುತ್ತೇವೆ. ಕೆಲವರಲ್ಲಿ ನಿಜವಾದ ಖಿನ್ನತೆಯೂ ಜೊತೆಗಿರುವುದುಂಟು. ಅದನ್ನು ನಿರ್ಣಯಿಸಬೇಕಾದವರು ವೈದ್ಯರು, ನೆಂಟರಲ್ಲ.

ಲೆವೊಡೋಪಾ ಮೊದಲಾದ ಔಷಧಗಳಿಂದ ಚಲನೆ ಸುಧಾರಿಸುತ್ತದೆ. ನಸುಗುನ್ನಿ ಬೀಜದಲ್ಲಿಯೂ ಇದೇ ವಸ್ತುವಿದೆಯೆಂದು ಕೇಳಿ ತಾವಾಗಿಯೇ ಪುಡಿ ನುಂಗುವವರನ್ನು ನಾವು ಕಂಡಿದ್ದೇವೆ. ವೈದ್ಯರಿಗೆ ತಿಳಿಸದೆ ಹಾಗೆ ಮಾಡಿದರೆ ಔಷಧದ ಪ್ರಮಾಣ ಏರುಪೇರಾಗಿ ತೊಂದರೆಯಾಗುತ್ತದೆ.

ಇಂಥವರೊಡನೆ ಮಾತನಾಡುವಾಗ ಟಿ.ವಿ. ನಿಲ್ಲಿಸಿ ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಬೇಕು. ಬಾಗಿಲಲ್ಲಿ ನಿಂತು, ಕೈಯಲ್ಲಿ ಮೊಬೈಲು ಹಿಡಿದು ‘ಹೇಗಿದ್ದೀರಿ?’ ಎಂದರೆ ಪ್ರಶ್ನೆಗಿಂತ ನಮ್ಮ ಅವಸರವೇ ಅವರಿಗೆ ಮೊದಲು ಮುಟ್ಟುತ್ತದೆ. ‘ನಿಮಗೆ ಇದು ಸಂತೋಷವೇ? ಎಲ್ಲಿಯಾದರೂ ನೋವಿದೆಯೇ?’ ಎಂದು ಬಾಯಿಬಿಟ್ಟು ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ನಡುವೆ ನಾವೇ ವಾಕ್ಯವನ್ನು ಮುಗಿಸಿಕೊಡಬಾರದು. ಅಜ್ಜನವರ ಮನೆಯವರು ಈಗ ಹೀಗೆಯೇ ಕೇಳುತ್ತಾರೆ, ಅವರೂ ಹೇಳುತ್ತಾರೆ.

ಇನ್ನೊಂದು ಎಚ್ಚರಿಕೆ. ಮೇಲೆ ಹೇಳಿದ ಬದಲಾವಣೆಗಳು ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಆಗುವಂಥವು. ಮುಖದ ಒಂದು ಬದಿ ಹಠಾತ್ತನೆ ಜೋತುಬಿದ್ದರೆ, ಮಾತು ತೊದಲಿದರೆ, ಒಂದು ಕೈ ಬಲಗುಂದಿದರೆ ಅದು ಪಾರ್ಶ್ವವಾಯು ಇರಬಹುದು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ, ಲಕ್ಷಣ ಕಂಡ ಸಮಯವನ್ನು ಬರೆದಿಟ್ಟುಕೊಂಡು ಕೂಡಲೇ 108ಕ್ಕೆ ಕರೆ ಮಾಡಬೇಕು.