ಅಶ್ವಶಾಲೆಯ ದಿನಚರಿ

ಕುದುರೆಯ ಶಿಕ್ಷಣವೆಂದೊಡನೆ ಬಹುಜನರ ಕಣ್ಣ ಮುಂದೆ ನಿಲ್ಲುವುದು ವಿಶಾಲವಾದ ಬಯಲು, ಬಿಗಿಹಿಡಿದ ಲಗಾಮು ಮತ್ತು ಕೈಯಲ್ಲಿ ಚಾವಟಿಯುಳ್ಳ ರಾವುತ. ಆದರೆ ರಾವುತನು ಕುದುರೆಯ ಬೆನ್ನ ಮೇಲಿರುವುದು ದಿನಕ್ಕೆ ಒಂದೆರಡು ಗಂಟೆ ಮಾತ್ರ. ಉಳಿದ ಕಾಲವನ್ನೆಲ್ಲ ಅದು ಲಾಯದಲ್ಲಿಯೂ ಅದರ ಸುತ್ತಣ ಬಯಲಿನಲ್ಲಿಯೂ ಕಳೆಯುತ್ತದೆ. ಮೇವು ಹಾಕುವವರು, ಮೈತಿಕ್ಕುವವರು, ಗೊರಸು ಶುಚಿಮಾಡುವವರು ಇವರ ನಡವಳಿಕೆಯಿಂದಲೇ ಅದು ಮನುಷ್ಯನನ್ನು ಅರಿಯುತ್ತದೆ. ಆದುದರಿಂದ ಪಾಲನೆ ಬೇರೆ, ಶಿಕ್ಷಣ ಬೇರೆ ಎಂದು ಭಾವಿಸುವುದು ಸರಿಯಲ್ಲ. ನಾಲ್ಕಾರು ಕುದುರೆಗಳಿರುವ ಒಂದು ಸಣ್ಣ ಲಾಯದ ದಿನಚರಿಯನ್ನು ಪರಿಶೀಲಿಸಿದರೆ ಈ ಮಾತಿನ ಸತ್ಯಾಂಶ ತಿಳಿದುಬರುತ್ತದೆ.

ಕನ್ನಡ ನಾಡಿಗೆ ಅಶ್ವವಿದ್ಯೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಕುದುರೆಗಳ ಲಕ್ಷಣಗಳೂ ಅಶ್ವಕ್ರೀಡೆಯೂ ವಿವರಿಸಲ್ಪಟ್ಟಿವೆ. ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿಯೇ ಗ್ರಂಥ ರಚಿಸಿದನು. ವಿಜಯನಗರದ ಅರಸರಿಗೆ ಅರಬ್ಬೀ ಕುದುರೆಗಳು ಭಟ್ಕಳ, ಗೋವೆಗಳ ಬಂದರುಗಳ ಮೂಲಕ ಬರುತ್ತಿದ್ದವು. ಕುದುರೆಯನ್ನು ಕೊಂಡುತರಲು ಹಣವಿದ್ದರೆ ಸಾಲದು, ಅದನ್ನು ಉಳಿಸಿಕೊಳ್ಳುವ ತಿಳಿವಳಿಕೆಯೂ ಬೇಕೆಂಬುದಕ್ಕೆ ಹದಿಮೂರನೆಯ ಶತಮಾನದ ಪ್ರವಾಸಿ ಮಾರ್ಕೋ ಪೋಲೋವಿನ ಬರಹದಲ್ಲಿ ಒಂದು ನಿದರ್ಶನವಿದೆ. ತಮಿಳು ಕರಾವಳಿಯ ಅರಸನೊಬ್ಬನು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ವರ್ಷಾಂತ್ಯಕ್ಕೆ ಅವುಗಳಲ್ಲಿ ನೂರು ಸಹ ಉಳಿಯುತ್ತಿರಲಿಲ್ಲವೆಂದೂ, ಆರೈಕೆಯನ್ನು ಬಲ್ಲವರಿಲ್ಲದುದೇ ಇದಕ್ಕೆ ಕಾರಣವೆಂದೂ ಅವನು ಹೇಳಿದ್ದಾನೆ. ಪ್ರವಾಸಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಅವನು ಗುರುತಿಸಿದ ಕಾರಣ ಇಂದಿಗೂ ಯೋಚಿಸತಕ್ಕದ್ದಾಗಿದೆ.

ಮೇವು ಮತ್ತು ನೀರು

ಲಾಯದ ವೇಳಾಪಟ್ಟಿಯನ್ನು ನಿರ್ಧರಿಸುವುದು ಒಡೆಯನ ಅನುಕೂಲವಲ್ಲ, ಕುದುರೆಯ ದೇಹರಚನೆ. ಬಯಲಿನಲ್ಲಿ ಸ್ವೇಚ್ಛೆಯಾಗಿರುವ ಕುದುರೆ ದಿನದ ಬಹುಪಾಲು ಕಾಲ ಸ್ವಲ್ಪ ಸ್ವಲ್ಪವಾಗಿ ಹುಲ್ಲು ಮೇಯುತ್ತಲೇ ಇರುತ್ತದೆ. ಅಷ್ಟು ದೊಡ್ಡ ದೇಹವಿದ್ದರೂ ಅದರ ಜಠರ ಹಿಡಿಸುವುದು ಸುಮಾರು 8ರಿಂದ 15 ಲೀಟರಿನಷ್ಟು ಮಾತ್ರ. ಹಸುವಿನಂತೆ ಅದು ಮೆಲುಕು ಹಾಕುವ ಪ್ರಾಣಿಯಲ್ಲ. ನಾರಿನ ಅಂಶವು ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ಜೀರ್ಣವಾಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕುದುರೆಗೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಒಮ್ಮೆ ಒಳಹೋದ ಆಹಾರ ಕೆಡುಕನ್ನುಂಟುಮಾಡಿದರೆ ಅದನ್ನು ಹೊರಹಾಕುವ ದಾರಿ ಅದಕ್ಕಿಲ್ಲ.

ಆದುದರಿಂದ ‘ಸ್ವಲ್ಪ ಸ್ವಲ್ಪ, ಹಲವು ಬಾರಿ’ ಎಂಬುದೇ ಲಾಯದ ಮೊದಲನೆಯ ನಿಯಮ. ನಾಲ್ಕುನೂರು ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು ಎಂಟು ಕಿಲೋ ಒಣಮೇವು ಬೇಕಾಗುತ್ತದೆ. ನಮ್ಮ ಕಡೆ ಹುರುಳಿಯನ್ನು ಬೇಯಿಸಿಯೋ ನೆನೆಸಿಯೋ, ಬೂಸಾದೊಡನೆ ಬೆರೆಸಿ ಕೊಡುವ ವಾಡಿಕೆಯಿದೆ. ಹಸಿಮೇವಾಗಿ ಬೆಳೆಯುವ ಒಂದು ಸೊಪ್ಪಿಗೆ ‘ಕುದುರೆ ಮಸಾಲೆ’ ಎಂಬ ಹೆಸರೇ ಬಂದಿದೆ. ಆದರೆ ಕಾಳು ಎಷ್ಟೇ ಪುಷ್ಟಿಕರವಾಗಿರಲಿ, ಅದು ಹುಲ್ಲಿನ ಸ್ಥಾನವನ್ನು ತುಂಬಲಾರದು. ಮೇವಿನ ಬಗೆಯನ್ನು ಬದಲಾಯಿಸಬೇಕಾದಾಗ ಒಂದೇ ದಿನದಲ್ಲಿ ಬದಲಾಯಿಸದೆ, ವಾರಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಕ್ರಮಕ್ರಮವಾಗಿ ಬದಲಾಯಿಸಬೇಕು. ಇಲ್ಲವಾದರೆ ಕರುಳಿನ ಸೂಕ್ಷ್ಮಜೀವಿಗಳ ಸಮತೋಲನ ಕೆಡುತ್ತದೆ. ದಿನಕ್ಕೆ 20ರಿಂದ 40 ಲೀಟರಿನಷ್ಟು ಶುದ್ಧವಾದ ನೀರು ಬೇಕು. ಬೇಸಗೆಯಲ್ಲಿಯೂ ದುಡಿಮೆಯ ದಿನಗಳಲ್ಲಿಯೂ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಬೆಳಗಿನ ಪರೀಕ್ಷೆ

ಸೂರ್ಯೋದಯಕ್ಕೆ ಮುಂಚೆ ಲಾಯದ ಬಾಗಿಲು ತೆರೆದ ಪಾಲಕನು ಮೊದಲು ಮಾಡುವ ಕೆಲಸ ನೋಡುವುದು. ರಾತ್ರಿ ಹಾಕಿದ ಮೇವು ಉಳಿದಿದೆಯೇ? ತೊಟ್ಟಿಯ ನೀರು ಇಳಿದಿದೆಯೇ? ಲದ್ದಿ ಎಂದಿನಂತಿದೆಯೇ? ಮೈಗೆ ಹುಲ್ಲು ಅಂಟಿಕೊಂಡಿದೆಯೇ? ಈ ಕೊನೆಯ ಪ್ರಶ್ನೆಗೂ ಅರ್ಥವಿದೆ. ಕುದುರೆ ನಿಂತಲ್ಲಿಯೇ ತೂಕಡಿಸಬಲ್ಲದು. ಆದರೆ ಗಾಢನಿದ್ರೆಗೆ ಅದು ನೆಲದ ಮೇಲೆ ಮಲಗಲೇಬೇಕು. ಭಯವಿರುವ ಕಡೆ ಅದು ಮಲಗುವುದಿಲ್ಲ. ಮೈಗಂಟಿದ ಹುಲ್ಲು ಅದು ನಿಶ್ಚಿಂತೆಯಿಂದ ಮಲಗಿತ್ತೆಂಬುದಕ್ಕೆ ಸಾಕ್ಷಿ.

ಕುದುರೆಯು ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿಕುಲಕ್ಕೆ ಸೇರಿದುದರಿಂದ ತನ್ನ ನೋವನ್ನು ಮರೆಮಾಚುವ ಸ್ವಭಾವ ಅದರಲ್ಲಿ ಬೇರೂರಿದೆ. ಬಳಲಿದ್ದು ಕಣ್ಣಿಗೆ ಬಿದ್ದರೆ ಹುಲಿ ತೋಳಗಳು ಅದನ್ನೇ ಆರಿಸಿಕೊಳ್ಳುತ್ತಿದ್ದವು. ಹೀಗಾಗಿ ಹೊಟ್ಟೆಶೂಲೆಯಂತಹ ಮಾರಕ ವ್ಯಾಧಿಯೂ ಸಣ್ಣ ಸೂಚನೆಗಳಿಂದಲೇ ಆರಂಭವಾಗುತ್ತದೆ. ಕುದುರೆ ಮೇವು ಬಿಡುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಮಲಗಿ ಹೊರಳಾಡುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಬಾರಿ ಮಿಡಿಯುತ್ತದೆ. ಅದು 60ನ್ನು ದಾಟಿದ್ದರೆ ಪಶುವೈದ್ಯರನ್ನು ಕರೆಸಲು ಒಂದು ಕ್ಷಣವನ್ನೂ ಕಳೆಯಬಾರದು. ಕರುಳು ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ದಿನವೂ ನೋಡುವ ಕಣ್ಣಿಗೆ ಮಾತ್ರ ಇಂದಿನ ವ್ಯತ್ಯಾಸ ಕಾಣುತ್ತದೆ. ಎಂದೋ ಒಮ್ಮೆ ಬಂದು ನೋಡುವವನಿಗೆ ಕುದುರೆ ಸುಮ್ಮನೆ ನಿಂತಿರುವಂತೆಯೇ ತೋರುತ್ತದೆ.

ಗೊರಸು ಮತ್ತು ನೈರ್ಮಲ್ಯ

ಗೊರಸೊಂದು ಕೆಟ್ಟರೆ ಉಳಿದ ಅಂಗಗಳೆಲ್ಲ ಸುಸ್ಥಿತಿಯಲ್ಲಿದ್ದರೂ ಪ್ರಯೋಜನವಿಲ್ಲ. ಪ್ರತಿದಿನ ನಾಲ್ಕೂ ಗೊರಸುಗಳನ್ನೆತ್ತಿ, ಒಳಗೆ ಸಿಕ್ಕಿಕೊಂಡ ಮಣ್ಣು, ಕಲ್ಲು, ಲದ್ದಿಗಳನ್ನು ತೆಗೆಯಬೇಕು. ತೇವದ ನೆಲದಲ್ಲಿ ನಿಂತ ಕುದುರೆಯ ಗೊರಸಿನ ತಳದ ಮೆತ್ತನೆಯ ಭಾಗ ಕೊಳೆತು ದುರ್ವಾಸನೆ ಬೀರುತ್ತದೆ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಆರೆಂಟು ವಾರಗಳಿಗೊಮ್ಮೆ ಲಾಳ ತೆಗೆದು, ಗೊರಸನ್ನು ಕತ್ತರಿಸಿ, ಮತ್ತೆ ಲಾಳ ಕಟ್ಟಿಸಬೇಕು. ಲಾಯದ ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಧನುರ್ವಾಯುವಿನ ರೋಗಾಣುಗಳಿರುತ್ತವೆ, ಕುದುರೆ ಆ ರೋಗಕ್ಕೆ ಬಹು ಬೇಗ ತುತ್ತಾಗುತ್ತದೆ. ಮೊಳೆ ಚುಚ್ಚಿದ ಸಣ್ಣ ಗಾಯವೂ ಪ್ರಾಣಾಂತಕವಾಗಬಹುದಾದ್ದರಿಂದ ಲಸಿಕೆಯನ್ನು ತಪ್ಪಿಸಬಾರದು. ಕೊಳೆತ ಹುಲ್ಲಿನಲ್ಲಿ ಹುಟ್ಟುವ ಕಚ್ಚುವ ನೊಣಗಳೂ ಕುದುರೆಗೆ ಶತ್ರುಗಳೇ. ಇಂತಹ ಕೀಟಗಳು ಹರಡುವ ‘ಸರ್ರಾ’ ರೋಗದ ಪರಾವಲಂಬಿ ಜೀವಿಯನ್ನು ಗ್ರಿಫಿತ್ ಎವಾನ್ಸ್ ಎಂಬ ಪಶುವೈದ್ಯನು 1880ರಲ್ಲಿ ಅಂದಿನ ಪಂಜಾಬಿನ ಕುದುರೆ ಒಂಟೆಗಳ ರಕ್ತದಲ್ಲಿ ಕಂಡುಹಿಡಿದನು. ಲಾಯವನ್ನು ಗುಡಿಸಿ ಒಣಗಿಸುವ ಕೆಲಸ ಔಷಧೋಪಚಾರದಷ್ಟೇ ಮಹತ್ವದ್ದೆಂಬುದು ಇದರಿಂದ ವೇದ್ಯವಾಗುತ್ತದೆ.

ಶಿಕ್ಷಣದ ಕ್ರಮ

ಕುದುರೆ ಕಲಿಯುವ ಬಗೆ ವಿಶಿಷ್ಟವಾದುದು. ಎಳೆಯ ಕುದುರೆಗೆ ಹಗ್ಗದ ಜೊತೆ ನಡೆಯುವುದನ್ನು ಕಲಿಸುವಾಗ ಶಿಕ್ಷಕನು ಹಗ್ಗವನ್ನು ಮೆಲ್ಲನೆ ಜಗ್ಗಿ ಕಾಯುತ್ತಾನೆ. ಅದು ಒಂದು ಹೆಜ್ಜೆ ಮುಂದಿಟ್ಟೊಡನೆಯೇ ಹಗ್ಗವನ್ನು ಸಡಿಲಿಸುತ್ತಾನೆ. ಕುದುರೆಗೆ ಪಾಠವಾಗುವುದು ಜಗ್ಗಿದ್ದರಿಂದಲ್ಲ, ಸಡಿಲಿಸಿದ್ದರಿಂದ. ಸಡಿಲಿಸುವುದು ತಡವಾದರೆ ಅದು ಏನನ್ನೂ ಕಲಿಯದು. ಹಿಂದಕ್ಕೆ ಎಳೆದಾಗ ಸಡಿಲಿಸಿದರೆ ಹಿಂದಕ್ಕೆ ಎಳೆಯುವುದನ್ನೇ ಕಲಿಯುತ್ತದೆ.

ಈ ತತ್ತ್ವವು ಬಯಲಿನಲ್ಲಿ ಮಾತ್ರವಲ್ಲದೆ ಲಾಯದಲ್ಲಿಯೂ ಹಗಲಿರುಳು ಕೆಲಸ ಮಾಡುತ್ತದೆ. ಗೊರಸನ್ನು ಎತ್ತಿದಾಗ ಕುದುರೆ ಕಾಲು ಕಿತ್ತುಕೊಂಡು, ಪಾಲಕನು ಗಾಬರಿಯಿಂದ ಕೈಬಿಟ್ಟರೆ, ಕಾಲು ಕಿತ್ತುಕೊಳ್ಳುವುದನ್ನು ಅವನೇ ಕಲಿಸಿದಂತಾಯಿತು. ಅದು ಬಾಗಿಲು ಒದ್ದಾಗಲೆಲ್ಲ ಮೇವು ಹಾಕಿದರೆ ಒದೆಯುವುದಕ್ಕೆ ಬಹುಮಾನ ಕೊಟ್ಟಂತಾಯಿತು. ಮುಂದೆ ಇದೇ ಕುದುರೆಯನ್ನು ‘ದುಷ್ಟ’ವೆಂದು ಹೊಡೆಯುವವರುಂಟು. ಹೊಡೆತದಿಂದ ಅದು ಕಲಿಯುವುದು ಭಯವೊಂದನ್ನೇ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಕ್ ಲೇಖಕ ಝೆನೊಫನ್ ತನ್ನ ಅಶ್ವಾರೋಹಣ ಗ್ರಂಥದಲ್ಲಿ ಕುದುರೆಯೊಡನೆ ಕೋಪದಿಂದ ವ್ಯವಹರಿಸಬಾರದೆಂದು ಎಚ್ಚರಿಸಿದ್ದನು.

ಮನುಷ್ಯನ ಚಲನವಲನಗಳನ್ನು ಕುದುರೆ ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತದೆಂಬುದಕ್ಕೆ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯ ಪ್ರಸಂಗ ಪ್ರಸಿದ್ಧವಾಗಿದೆ. ಅದರ ಒಡೆಯ ಫಾನ್ ಓಸ್ಟೆನ್ ಶಾಲಾ ಉಪಾಧ್ಯಾಯನಾಗಿದ್ದವನು. ಲೆಕ್ಕ ಕೇಳಿದರೆ ಹಾನ್ಸ್ ಗೊರಸಿನಿಂದ ನೆಲ ಬಡಿದು ಸರಿಯುತ್ತರ ಕೊಡುತ್ತಿತ್ತು. 1907ರಲ್ಲಿ ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ಇದರ ಗುಟ್ಟನ್ನು ಹೊರಗೆಡಹಿದನು. ಪ್ರಶ್ನೆ ಕೇಳಿದವನಿಗೇ ಉತ್ತರ ತಿಳಿಯದಿದ್ದರೆ, ಅಥವಾ ಅವನು ಕುದುರೆಗೆ ಕಾಣಿಸದಿದ್ದರೆ, ಹಾನ್ಸ್ ಸೋಲುತ್ತಿತ್ತು. ಬಡಿತ ಸರಿಯಾದ ಸಂಖ್ಯೆಯನ್ನು ಮುಟ್ಟಿದೊಡನೆ ಕೇಳಿದವನ ತಲೆ ತನಗರಿವಿಲ್ಲದೆಯೇ ಕೊಂಚ ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಹಾನ್ಸ್ ಗಣಿತ ಬಲ್ಲ ಕುದುರೆಯಾಗಿರಲಿಲ್ಲ, ಮನುಷ್ಯನನ್ನು ಓದಬಲ್ಲ ಕುದುರೆಯಾಗಿತ್ತು. ಅವಸರ, ಅಂಜಿಕೆ, ಸಿಡುಕುಗಳನ್ನು ಲಾಯದೊಳಕ್ಕೆ ಒಯ್ಯುವವನು ಅವುಗಳನ್ನೇ ಕುದುರೆಗೆ ಬೋಧಿಸುತ್ತಾನೆ.

ಇಷ್ಟು ತಳಹದಿ ಸಿದ್ಧವಾದ ಮೇಲೆ ಉಳಿದ ಪಾಠಗಳು ಒಂದೊಂದಾಗಿ ಬರುತ್ತವೆ: ಉದ್ದ ಹಗ್ಗದಲ್ಲಿ ಸುತ್ತು ತಿರುಗುವುದು, ಜೀನಿನ ಭಾರಕ್ಕೆ ಒಗ್ಗುವುದು, ಕಡಿವಾಣವನ್ನು ಬಾಯಲ್ಲಿ ಹಿಡಿಯುವುದು, ಕೊನೆಗೆ ರಾವುತನನ್ನು ಹೊರುವುದು. ಬೆನ್ನುಮೂಳೆಯ ಬೆಳವಣಿಗೆ ಪೂರ್ಣಗೊಳ್ಳಲು ಐದಾರು ವರ್ಷಗಳೇ ಹಿಡಿಯುವುದರಿಂದ ಎಳೆಯ ಕುದುರೆಯ ಮೇಲೆ ಅತಿಯಾದ ಭಾರ ಹೇರಬಾರದು. ಪಾಠದ ಅವಧಿ ಅರ್ಧ ಗಂಟೆ ಮೀರದಿರುವುದು ಲೇಸು; ಚೆನ್ನಾಗಿ ಮಾಡಿದ ಹೆಜ್ಜೆಯೊಂದಿಗೆ ಪಾಠ ಮುಗಿಯಬೇಕು.

ಸಂಜೆ ಮೈತಿಕ್ಕಿ, ಮೇವು ನೀರು ಕೊಟ್ಟು, ಮಲಗುವ ಮುನ್ನ ದೀಪ ಹಿಡಿದು ಇನ್ನೊಂದು ಸುತ್ತು ಬಂದರೆ ಲಾಯದ ದಿನ ಮುಗಿಯುತ್ತದೆ. ಹಬ್ಬದ ದಿನವೆಂದು, ಮಳೆಯ ದಿನವೆಂದು ಈ ಕ್ರಮಕ್ಕೆ ವಿನಾಯಿತಿಯಿಲ್ಲ. ಇದರ ಫಲ ಪ್ರದರ್ಶನದ ಬಯಲಿಗಿಂತ ಮೊದಲು ಲಾಯದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಒಂದು ಮುಂಜಾನೆ ಪಾಲಕನು ಬಾಗಿ ಕಾಲಿನ ಮೇಲೆ ಕೈಯಿರಿಸುವಷ್ಟರಲ್ಲಿಯೇ ಕುದುರೆ ತಾನಾಗಿ ಗೊರಸನ್ನೆತ್ತಿ ಅವನ ಅಂಗೈಗೆ ಕೊಡುತ್ತದೆ. ಓಡಿ ಪಾರಾಗುವುದೇ ಸ್ವಭಾವವಾಗಿರುವ ಪ್ರಾಣಿ ತನ್ನ ಕಾಲನ್ನೇ ಇನ್ನೊಬ್ಬರ ಕೈಗೊಪ್ಪಿಸುವುದು ಸಾಮಾನ್ಯ ಸಂಗತಿಯಲ್ಲ. ಅಂತಹ ಕುದುರೆಗೆ ಉಳಿದ ವಿದ್ಯೆಯನ್ನು ಕಲಿಸುವುದು ಕಷ್ಟವಾಗದು.