ತೊಟ್ಟಿಗೆ ಎಲೆ ಹಾಕುವ ಮುಂಚೆ

ಮೊನ್ನೆ ತ್ಯಾವರೆಕೊಪ್ಪದ ನಿಮ್ಮ ಮನೆ ಜಗಲಿಯಲ್ಲಿ ಆ ಮೀನಿನ ತೊಟ್ಟಿ ನೋಡಿದೆ ಮಾರಾಯ. ನೀನು ಬೆಂಗಳೂರಿಗೆ ಹೋದ ಮೇಲೆ ಅದಕ್ಕೆ ದಿಕ್ಕಿಲ್ಲ. ಗಾಜಿಗೆಲ್ಲ ಪಾಚಿ, ಗಿಡಗಳ ಬುಡದಲ್ಲಿ ಕೆಸರು. ನನ್ನ ತಂಗಿ, ನಿನ್ನಮ್ಮನೋ, 'ತಿನ್ನಲಿ ಪಾಪ' ಅಂತ ಮೂರು ಹೊತ್ತೂ ಚಿಟಿಕೆಯ ಬದಲು ಹಿಡಿ ಕಾಳು ಸುರಿದಿದ್ದಾಳೆ. ಉಳಿದದ್ದು ನಾಲ್ಕು ಕಾರ್ಡಿನಲ್ ಟೆಟ್ರಾ. ಬಾದಾಮಿ ಎಲೆ ಹಾಕಿದರೆ ಸರಿಹೋಗುತ್ತದೆ ಅಂತ ನಿನಗೆ ಯಾರೋ ಹೇಳಿದ್ದಾರೆ. ಎಲೆ ಒಳ್ಳೆಯದೇ. ಆದರೆ ಕೊಳಕಿನ ಮೇಲೆ ಎಲೆ ಹಾಕುವುದೆಂದರೆ ಸ್ನಾನ ಮಾಡದೆ ಅತ್ತರು ಬಳಿದುಕೊಂಡ ಹಾಗೆ.

ಹಾಗಂತ ಊರಿಗೆ ಬಂದ ಹುರುಪಿನಲ್ಲಿ ಒಂದೇ ದಿನ ಎಲ್ಲ ನೀರನ್ನೂ ಚೆಲ್ಲಬೇಡ. ತಿಂಗಳುಗಟ್ಟಲೆ ಬದಲಾಗದ ನೀರು ಹುಳಿಯಾಗಿರುತ್ತದೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಆ ಹುಳಿಯಲ್ಲಿ ಅಷ್ಟೇನೂ ಕೆಡುಕು ಮಾಡದ ರೂಪದಲ್ಲಿ ಕೂತಿರುತ್ತದೆ. ಥಟ್ಟನೆ ಹೊಸ ನೀರು ತುಂಬಿ ಹುಳಿ ಇಳಿಸಿದೆಯೋ, ಅದೇ ಅಮೋನಿಯಾ ವಿಷವಾಗುತ್ತದೆ. ತೊಳೆದ ಮಾರನೇ ಬೆಳಿಗ್ಗೆ ಮೀನು ತೇಲುವುದು ಹೀಗೆ. ದೃಷ್ಟಿ ತಾಗಿ ಅಲ್ಲ. ಎರಡು ದಿನಕ್ಕೊಮ್ಮೆ ನೂರರಲ್ಲಿ ಹತ್ತು ಪಾಲು ತೆಗೆ, ಹಿಂದಿನ ದಿನ ಬಕೆಟ್‌ನಲ್ಲಿ ಹಿಡಿದಿಟ್ಟ ನೀರು ತುಂಬು. ಪೈಪಿನಲ್ಲಿ ಮೇಲಿನ ಕೆಸರಷ್ಟೇ ಎಳೆ, ಮಣ್ಣು ಕೆದಕಬೇಡ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡು. ನಲ್ಲಿಗೆ ಹಿಡಿದರೆ ಕ್ಲೋರಿನ್‌ಗೆ ಅದರೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ. ದೀಪ ದಿನಕ್ಕೆ ಆರು ಗಂಟೆ ಸಾಕು.

ಮೂರು ನಾಲ್ಕು ವಾರದಲ್ಲಿ ಗಿಡ ಹೊಸ ಚಿಗುರು ಬಿಟ್ಟರೆ, ಆಗ ಎಲೆಯ ಮಾತು. ಮರದಿಂದ ತಾನಾಗಿ ಉದುರಿ ಕಂದು ಬಣ್ಣಕ್ಕೆ ಒಣಗಿದ್ದೇ ಆಗಬೇಕು, ಹಸಿರೆಲೆ ಬೇಡ. ಬಾದಾಮಿ ಸಿಗದಿದ್ದರೆ ಹಲಸಿನ ಒಣ ಎಲೆ, ಅದೇ ದರಗು, ಆದೀತು. ದಪ್ಪ, ಬೇಗ ಕರಗದು. ಪೇರಲೆ ಎಲೆಯೂ ನಡೆಯುತ್ತದೆ. ಹಿತ್ತಿಲಿನದ್ದೇ ಆರಿಸು. ಸಿಂಹಧಾಮದ ಪಕ್ಕದ ಕಾಡಿಗೆ ಚೀಲ ಹಿಡಿದು ಹೋಗಬೇಡ, ಅದು ಅರಣ್ಯ ಇಲಾಖೆಯದ್ದು.

ಅಡಿಕೆ ತೋಟದ ದರಗಂತೂ ಬೇಡವೇ ಬೇಡ. ಕೊಳೆ ರೋಗಕ್ಕೆ ನಾವು ಬೋರ್ಡೋ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ? ಆ ತಾಮ್ರ ಕೆಳಗೆ ಬಿದ್ದ ಎಲೆಗೂ ಅಂಟಿರುತ್ತದೆ. ಒಂದು ಮಳೆಗಾಲ ನಾನು ತೋಟದ ಅಂಚಿನ ಹಲಸಿನ ಎಲೆ ತಂದು ಹಾಕಿದೆ. ವಾರದೊಳಗೆ ಬಸವನಹುಳುಗಳೆಲ್ಲ ಚಿಪ್ಪಿನಿಂದ ಹೊರಗೆ ಜೋತುಬಿದ್ದವು. ಸೀಗಡಿಗೂ ತಾಮ್ರ ಆಗದು.

ಎಲೆ ತೊಳೆದು, ಕುದಿನೀರು ಹೊಯ್ದು ಒಂದು ರಾತ್ರಿ ನೆನೆಸು. ನಿನ್ನ ತೊಟ್ಟಿಗೆ ಮೊದಲು ಒಂದೇ ಒಂದು. ನೀರು ತೆಳು ಚಹಾದ ಬಣ್ಣಕ್ಕೆ ಬಂದರೆ ಗಾಬರಿಯಾಗಬೇಡ. ಕಾರ್ಡಿನಲ್ ಟೆಟ್ರಾದ ತವರು ದಕ್ಷಿಣ ಅಮೆರಿಕದ ರಿಯೊ ನೀಗ್ರೊ. ಆ ಹೊಳೆ ಕಪ್ಪಾಗಿರುವುದೇ ಕಾಡಿನ ಎಲೆ ಕೊಳೆತು. ಅಷ್ಟು ದೂರ ಯಾಕೆ, ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗೆ, ಆ ಜೌಗು ಕಾಡಿಗೆ, ಒಮ್ಮೆ ಹೋಗಿ ಬಾ. ದರಗಿನಡಿಯ ನೀರಲ್ಲಿ ಎಷ್ಟು ಜೀವ ಓಡಾಡುತ್ತದೆ ನೋಡು. ಎಲೆಯ ಮೇಲೆ ಬಿಳಿ ಲೋಳೆ ಕಟ್ಟಿದರೂ ಹೆದರಬೇಡ, ಸೀಗಡಿ ಇದ್ದರೆ ಅವಕ್ಕೆ ಅದೇ ಊಟ. ಒಂದು ವಿಷಯ ಮಾತ್ರ: ಬೋರ್‌ವೆಲ್ಲಿನ ಗಡಸು ನೀರಾದರೆ ಬಣ್ಣ ಬಂದೀತು, ಹುಳಿ ಅಷ್ಟಾಗಿ ಬಾರದು. ಬಣ್ಣ ನೋಡಿ ಮೋಸಹೋಗಬೇಡ. ಹೆಚ್ಚು ಕಪ್ಪಾದರೆ ಗಿಡಕ್ಕೆ ಬೆಳಕೂ ಕಡಿಮೆ.

ಕತ್ತರಿಸಿದ ಗಿಡವನ್ನು ಚರಂಡಿಗೋ ಕೆರೆಗೋ ಎಸೆಯಬೇಡ, ಒಣಗಿಸಿ ಗೊಬ್ಬರದ ಗುಂಡಿಗೆ ಹಾಕು. ಮತ್ತೆ, ಆ ಕಾಳಿನ ಡಬ್ಬ ಅಮ್ಮನ ಕೈಗೆ ಎಟುಕದ ಅಟ್ಟದ ಮೇಲಿಡು. ಕೇಳಿದರೆ ಮಾವನೇ ಇಟ್ಟ ಅಂತ ಹೇಳು, ಬೈಸಿಕೊಳ್ಳೋದು ನನಗೆ ಹೊಸದಲ್ಲ.